ಕೋಸಿನ ದೊಡ್ಡಮ್ಮ

ಯಾರ ಮನೆಯಲ್ಲಿ ಹೆರಿಗೆಯಾದರೂ ಮೂರನೇ ದಿನ ಪಕ್ಕದ ಬೀದಿಯ ಕೋಸಿನ ದೊಡ್ಡಮ್ಮ ಹಾಜರು. "ಹಾಲು ಕಟ್ಕೊಂಡಿದೆಯೇನೇ?" ಅಂತ ಈ ಮಹಾತಾಯಿ ಬಾಗಿಲಲ್ಲೇ ಕೂಗಿದರೆ ಬೀದಿ ಕೊನೆಯ ಕ್ಷೌರದಂಗಡಿಯಲ್ಲೂ ಕತ್ತರಿ ನಿಲ್ಲುತ್ತದೆ. ನನ್ನ ಹೆರಿಗೆಗೂ ಹಾಗೇ ಬಂದು, ನಮ್ಮ ಫ್ರಿಜ್ಜಿನ ಹಾಲು, ಮೊಸರನ್ನೆಲ್ಲ ಹೊರಗಿಟ್ಟು ಎಲೆಕೋಸು ತುಂಬಿದಳು. ಮಗುವಿಗೆ ಕುಡಿಸುವ ಮೊದಲು ಎದೆಗೆ ಬಿಸಿನೀರಿನ ಬಟ್ಟೆ, ಕುಡಿಸಿದ ಮೇಲೆ ತಣ್ಣನೆಯ ಕೋಸಿನೆಲೆ, ನಡುವೆ ಬಿಡುವಿಲ್ಲದ ಉಪದೇಶ. ಕಲ್ಲಾಗಿದ್ದ ಎದೆ ಸಂಜೆಗೆ ಮೆತ್ತಗಾಯಿತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು. "ಹತ್ತು ಹೆತ್ತವರ ಹಾಗೆ ಮಾತಾಡ್ತೀರಲ್ಲ, ನಿಮಗೆಷ್ಟು ಮಕ್ಕಳು?" ಅಂತ ರೇಗಿದೆ. ಎಲೆಯ ದಪ್ಪ ನರವನ್ನು ಲಟ್ಟಣಿಗೆಯಿಂದ ಜಜ್ಜುತ್ತಿದ್ದ ಕೈ ನಿಂತಿತು. "ಒಂದು. ಎರಡು ದಿನ ಬದುಕಿತ್ತು," ಅಂದಳು. "ನನಗೆ ಹಾಲು ಬಂದಿದ್ದು ಮೂರನೇ ದಿನ ಕಣೇ."