ಇಡೀ ಕ್ಲಾಸನ್ನು ಬರೀ ಪಾಸ್ ಮಾಡಿದ ಪ್ರೋಗ್ರಾಂ

ಒಂದು ಹೈಸ್ಕೂಲಿನ ಇಡೀ ಒಂಬತ್ತನೇ ಕ್ಲಾಸನ್ನು ನಾನೊಮ್ಮೆ ಬರೀ ‘ಪಾಸ್’ ಮಾಡಿಬಿಟ್ಟಿದ್ದೆ. (ಫೇಲಾದವರದ್ದು ತಕರಾರಿಲ್ಲ. ಅವರು ಸರಿಯಾಗಿಯೇ ಫೇಲಾಗಿದ್ದರು.)

ತೊಂಬತ್ತರ ದಶಕದ ಕೊನೆ. ನಂಜನಗೂಡಿನಲ್ಲಿ ಅಂಗಡಿಯೊಂದರ ಮಹಡಿ ಮೇಲೆ ಕಂಪ್ಯೂಟರ್ ಕ್ಲಾಸು. ಅದಕ್ಕೆ ನಾನೇ ಮೇಷ್ಟ್ರು. (ನಾನೂ ಆಗಷ್ಟೇ ಕಲಿತಿದ್ದೆ, ಯಾರಿಗೂ ಹೇಳಿರಲಿಲ್ಲ.) ಹೈಸ್ಕೂಲಿನವರು ರಿಸಲ್ಟ್ ಚೀಟಿ ಪ್ರಿಂಟ್ ಮಾಡಿಕೊಡಿ ಅಂದರು. ಪ್ರೋಗ್ರಾಂ ಬರೆದೆ. ಮೂವತ್ತೈದು ಮುಟ್ಟಿದೆಯಾ? ಪಾಸ್. ಇಲ್ಲವಾದರೆ, ಅರವತ್ತು ಮುಟ್ಟಿದೆಯಾ? ಫಸ್ಟ್ ಕ್ಲಾಸ್. ಇಲ್ಲವಾದರೆ, ಎಂಬತ್ತೈದು? ಡಿಸ್ಟಿಂಕ್ಷನ್. ಯಾವುದೂ ಅಲ್ಲವಾ? ಫೇಲ್. ಇಫ್, ಎಲ್ಸ್ ಇಫ್, ಎಲ್ಸ್. ಎಷ್ಟು ಚೆಂದ, ಅಲ್ವೇ?

ಚೀಟಿ ಹಂಚಿದ ಮಾರನೇ ದಿನ ಪಕ್ಕದ ಹೆಡತಲೆ ಹಳ್ಳಿಯ ಮಹದೇವಮ್ಮ ಮೆಟ್ಟಿಲು ಹತ್ತಿ ಬಂದರು. ಆಕೆಗೆ ರೈಸ್ ಮಿಲ್ಲಿನಲ್ಲಿ ಕೆಲಸ. ಕೈಯಲ್ಲಿ ಮಗಳ ಚೀಟಿ.

“ಎಂಬತ್ತೆಂಟು ಬಂದದೆ ಅಂತ ಸ್ಕೂಲ್ ಮೇಷ್ಟ್ರೇ ಅಂದವ್ರೆ ಸಾ. ಇದ್ರಲ್ಲಿ ಬರೀ ಪಾಸ್ ಅಂತದೆ. ಫಸ್ಟ್ ಕ್ಲಾಸ್ ಬಂದ್ರೆ ಹತ್ನೇ ಕ್ಲಾಸು, ಇಲ್ದಿದ್ರೆ ಸ್ಕೂಲ್ ಬುಡ್ಸದೇ ಅಂತ ಅವ್ರಪ್ಪ ಕುಂತವ್ರೆ.”

ಒಂದು ಹುಡುಗಿಯ ಓದು ನನ್ನ ಹತ್ತು ಸಾಲಿನ ಮೇಲೆ ನಿಂತಿತ್ತು! ಒಂದು ಗಂಟೆ ತಡಕಾಡಿದೆ. ಸ್ಪೆಲಿಂಗ್ ಸರಿ, ಅಂಕ ಸರಿ, ಉತ್ತರ ಮಾತ್ರ ಪಾಸ್. ಬೆಂಚಿನ ಮೇಲೆ ಕೂತಿದ್ದ ಮಹದೇವಮ್ಮ ಕೇಳಿದರು.

“ಅದು ಮೊದ್ಲು ಏನ್ ಕೇಳ್ತದೆ ಸಾ?”

“ಮೂವತ್ತೈದು ಮುಟ್ಟಿದೆಯಾ ಅಂತ.”

“ಎಂಬತ್ತೆಂಟೂ ಮೂವತ್ತೈದ ದಾಟ್ತದಲ್ಲ. ಅಲ್ಲೇ ನಿಂತ್ಕತ್ತದೆ. ಮಿಲ್ಲಲ್ಲಿ ಸಣ್ ಕಣ್ಣಿನ್ ಜರಡಿ ಮ್ಯಾಲಿಟ್ರೆ ಅಕ್ಕಿ, ನುಚ್ಚು ಎಲ್ಡೂ ಅದ್ರಲ್ಲೇ ಉಳೀತವೆ. ದೊಡ್ ಕಣ್ಣಿಂದು ಮ್ಯಾಲಿರ್ಬೇಕು.”

ನಾನು ಬೆರಗಾಗಿ ಆಕೆಯನ್ನೇ ನೋಡಿದೆ. ಕೀಬೋರ್ಡ್ ಮುಟ್ಟದ ಹೆಂಗಸು, ಪರದೆಯತ್ತ ನೋಡದೆಯೇ ತಪ್ಪು ಹಿಡಿದಿದ್ದರು. ಎಂಬತ್ತೈದನ್ನು ಮೇಲಕ್ಕೆ ತಂದೆ, ಆಮೇಲೆ ಅರವತ್ತು, ಕೊನೆಗೆ ಮೂವತ್ತೈದು. ಪ್ರಿಂಟರ್ ಕಿರುಗುಟ್ಟುತ್ತಾ ‘ಡಿಸ್ಟಿಂಕ್ಷನ್’ ಎಂದು ಬರೆಯಿತು. ಆಮೇಲೆ ಎಷ್ಟೋ ಪ್ರೋಗ್ರಾಂ ಬರೆದಿದ್ದೇನೆ, ಅಂಥ ಬೆರಗು ಮತ್ತೆ ಆಗಿಲ್ಲ.

ಮಹದೇವಮ್ಮ ಮಾತ್ರ ಏಳಲಿಲ್ಲ. “ಇದು ಫಸ್ಟ್ ಕ್ಲಾಸ್‌ಗಿಂತ ದೊಡ್ದಾ ಸಾ?”

“ದೊಡ್ಡದು ಕಣಮ್ಮ.”

“ಆದ್ರೂ ಪಕ್ದಲ್ಲಿ ಫಸ್ಟ್ ಕ್ಲಾಸ್ ಅಂತ್ಲೂ ಬರ್ದ್ಕೊಡಿ. ಅವ್ರಪ್ಪ ಆ ಮಾತ್ನೇ ಹುಡ್ಕದು.”

ಪೆನ್ನಿನಲ್ಲಿ ಬರೆದು, ಸ್ಕೂಲಿನ ಸೀಲೂ ಹಾಕಿಸಿಕೊಟ್ಟೆ. ಉಳಿದವರ ಚೀಟಿಗಳನ್ನೂ ಮತ್ತೆ ಪ್ರಿಂಟ್ ಮಾಡಿಕೊಟ್ಟೆ. ಜೂನ್‌ನಲ್ಲಿ ಹುಡುಗಿ ಹತ್ತನೇ ಕ್ಲಾಸಿಗೆ ಹೋದಳು.

ಹೇಳಿದ್ದಕ್ಕಿಂತ ಒಂದಿಂಚು ಆಚೆ ಯೋಚಿಸದ ಯಂತ್ರದೊಡನೆ ನನಗಿದ್ದದ್ದು ಆರು ತಿಂಗಳ ಅನುಭವ. ಮಹದೇವಮ್ಮನದು ಹದಿನೆಂಟು ವರ್ಷದ ಸಂಸಾರ.