ಹೆಸರು ಅಳಿಸುವ ಸಂಪಾದಕರು

ಮೂಡುಬಿದಿರೆಯ ನಮ್ಮ ಕಾಲೇಜಿನ ಸಂಶೋಧನಾ ಪತ್ರಿಕೆಯ ಸಂಪಾದಕರು ಯಾರ ಲೇಖನ ಬಂದರೂ ಹೆಸರು ಅಳಿಸಿಯೇ ಪರಿಶೀಲನೆಗೆ ಕಳಿಸುತ್ತಿದ್ದರು. “ಯಾರದ್ದೂಂತ ಕೇಳ್ಬೇಡ ಮಾರಾಯ, ಒಳಗೆ ಏನುಂಟು ನೋಡುವ” ಎನ್ನುವಾಗ ಅವರ ಕನ್ನಡಕ ಹಣೆಗೇರುತ್ತಿತ್ತು.

ಒಮ್ಮೆ ಫಲ್ಗುಣಿ ಹೊಳೆಯ ಮೀನುಗಳ ಬಗೆಗಿನ ಲೇಖನವೊಂದು ಪರಿಶೀಲನೆಗೆ ನನ್ನ ಬಳಿ ಬಂತು. ಭಾಷೆಯೇನೋ ಚೆಂದವಿತ್ತು, ಆದರೆ ಮೀನುಗಳೆಲ್ಲ ಹಳೆಯ ಪುಸ್ತಕಗಳಿಂದ ಬಂದವುಗಳು. “ಬರೆದವರು ಹೊಳೆಗೆ ಇಳಿದೇ ಇಲ್ಲ, ಪ್ರಕಟಣೆಗೆ ಯೋಗ್ಯವಲ್ಲ” ಎಂದು ಬರೆದು ಹಿಂದಿರುಗಿಸಿದೆ.

ಅದನ್ನು ಓದಿದ ಸಂಪಾದಕರು ಸ್ಟಾಫ್ ರೂಮಿಗೇ ಬಂದು ಗಹಗಹಿಸಿ ನಕ್ಕರು. “ಹೊಳೆಗೆ ಇಳಿಯದವ ನಾನೇ ಮಾರಾಯ! ಪೊಳಲಿಯಲ್ಲಿ ಹೊಳೆಗೆ ಇಳಿಯುವ, ನೀನೂ ಬಾ.”

ಆ ಭಾನುವಾರ ಸಂಪಾದಕರು ಪಂಚೆ ಎತ್ತಿ ಕಟ್ಟಿ, ಮೊಣಕಾಲಿನವರೆಗಿನ ನೀರಿನಲ್ಲಿ ನಿಂತು ಕೂಗಿದರು: “ಈಗ ಬರೆದ್ರೆ ಆದೀತಾ?”

“ಹೆಸರು ಅಳಿಸಿ ಕಳಿಸಿ ಸರ್, ನೋಡುವ” ಎಂದೆ.