ಹಗ್ಗವಿಲ್ಲದೆ ಕೊಂಡ ಹಾಯಿದೋಣಿ

ಕನ್ನಂಬಾಡಿ ಹಿನ್ನೀರಿನ ದಡದಲ್ಲಿ ನಾನು ಆಗಷ್ಟೇ ಕೊಂಡಿದ್ದ ಹಳೆಯ ಹಾಯಿದೋಣಿಯ ಹಗ್ಗಗಳನ್ನೆಲ್ಲ, ಅದನ್ನು ಮಾರಿದವನ ತಾಯಿ ನಿಂಗಮ್ಮ ಬಿಚ್ಚಿ ಸುತ್ತಿಕೊಳ್ಳುತ್ತಿದ್ದರು. ಹಾಯಿ ಮುದುಡಿ ಬಿದ್ದಿತ್ತು. ನನ್ನ ಬದುಕಿನ ಮೊದಲ ದೋಣಿ!

“ಅವ್ವಾ, ಹಗ್ಗ ಇಲ್ದೆ ಇದು ಓಡೋದೇ ಇಲ್ಲ” ಎಂದು ಅಂಗಲಾಚಿದೆ.

“ಹಸ ಮಾರ್ದೋರು ಹಗ್ಗ ಕೊಟ್ಟಾರಾ? ಲಕ್ಷ್ಮಿ ಅದ್ರ ಜತೇಲೇ ಒಂಟೋಯ್ತಳೆ. ಒಸ ಹಗ್ಗ ನೀನೇ ತಗಂಬಾ ಕಣಪ್ಪ” ಎಂದರು. ಮಗ ತಲೆ ಕೆರೆದುಕೊಂಡು ನಕ್ಕ.

ಬೈಕಿನಲ್ಲಿ ಪಾಂಡವಪುರಕ್ಕೆ ಹೋಗಿ ನೈಲಾನ್ ಹಗ್ಗ ತಂದೆ. ಮಗನೇ ಕಟ್ಟಿಕೊಟ್ಟ. ನಿಂಗಮ್ಮ ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಮೈ ಸವರಿ, “ನಾಕ್ ದಿನ ನಮ್ಮನೆ ಕಡೀಕೇ ಎಳೀತದೆ, ಬೈಬ್ಯಾಡ” ಎಂದು ನನಗೆ ಹೇಳಿದರು.

ನೀರಿಗಿಳಿದೆ. ಗಾಳಿಯ ಚೇಷ್ಟೆಯೋ ಕಲಿಯದ ನನ್ನ ಕೈಯ ತಪ್ಪೋ, ಎಷ್ಟು ತಿರುಗಿಸಿದರೂ ದೋಣಿ ಸುತ್ತುಹಾಕಿ ಅದೇ ದಡಕ್ಕೆ ಬಂದು ಮೂತಿ ತಾಗಿಸಿತು. ನಿಂಗಮ್ಮ ಮಜ್ಜಿಗೆ ಲೋಟ ಹಿಡಿದು ಅಲ್ಲೇ ನಿಂತಿದ್ದರು.

ಈಗ ಹಾಯಿ ನನ್ನ ಕೈಗೆ ಪಳಗಿದೆ. ಆದರೂ ನೀರಿಗಿಳಿದಾಗಲೆಲ್ಲ ಆ ದಡ ಮುಟ್ಟಿ, ಮಜ್ಜಿಗೆ ಕುಡಿದೇ ಬರುತ್ತೇನೆ. ನಿಂಗಮ್ಮ ಯಾಕೆ ಬಂದೆ ಎಂದು ಕೇಳಿದರೆ, ದೋಣಿ ಎಳೆಯಿತು ಎನ್ನುತ್ತೇನೆ.